ಪುಡಿ ಹಾಕಿದರೂ ಮರಿ ಮೈ ಹಿಡಿಯುತ್ತಿಲ್ವಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಪಶು ಆಹಾರದ ಅಂಗಡಿಗೆ ಹೋದರೆ ಈಗ ಕುರಿಮರಿಗೆ ಅಂತಲೇ ಒಂದು ಕಪಾಟು ತುಂಬ ಡಬ್ಬಿಗಳು. ಒಂದರಲ್ಲಿ ಓಮ, ಶುಂಠಿ, ಮೆಂತ್ಯ, ಬೆಳ್ಳುಳ್ಳಿ, ನೆಲನೆಲ್ಲಿ ಸೇರಿಸಿದ ಗಿಡಮೂಲಿಕೆ ಪುಡಿ. ಇನ್ನೊಂದರಲ್ಲಿ ಸೆಲ್ಯುಲೇಸ್, ಕ್ಸೈಲನೇಸ್, ಪ್ರೋಟಿಯೇಸ್ ಅನ್ನುವ, ಮೇವು ಕರಗಿಸಲು ನೆರವಾಗುವ ಎಂಜೈಮ್‌ಗಳು, ಜೊತೆಗೆ ಒಂದಿಷ್ಟು ಯೀಸ್ಟ್. ಒಳಗೆ ಏನೇ ಇರಲಿ, ಮೇಲಿನ ಚಿತ್ರ ಮಾತ್ರ ಒಂದೇ: ಕೊಂಬು ತಿರುಗಿದ ಗುಂಡಗಿನ ಟಗರು. ತಂದು ಹಾಕುತ್ತೇವೆ. ತಿಂಗಳಾದರೂ ನಮ್ಮ ಮರಿ ಆ ಟಗರಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಇಲ್ಲವೇ ಭೇದಿ ಹಿಡಿಯುತ್ತದೆ, ಮೇವು ಬಿಡುತ್ತದೆ, ಒಂದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಆಗ ಪುಡಿಯನ್ನು ಬೈಯಬೇಕೋ, ಮರಿಯನ್ನೋ, ನಮ್ಮನ್ನು ನಾವೇ ಬೈದುಕೊಳ್ಳಬೇಕೋ?

ನಾನು ಚಳ್ಳಕೆರೆ ಕಡೆಯವನು. ಸಂತೆಯಲ್ಲಿ ಮೂರು ನಾಲ್ಕು ತಿಂಗಳ ಟಗರುಮರಿ ತಂದು, ಕೊಟ್ಟಿಗೆಯಲ್ಲೇ ಮೇಯಿಸಿ, ಬಕ್ರೀದ್ ಹೊತ್ತಿಗೆ ಮಾರುತ್ತೇನೆ. ಪುಡಿಯ ತಪ್ಪು ಅಂತ ನಾನು ಅಂದುಕೊಂಡದ್ದು ಬಹಳ ಸಲ. ನಿಜಕ್ಕೂ ಪುಡಿಯ ತಪ್ಪೇ ಆಗಿದ್ದದ್ದು ಬೆರಳೆಣಿಕೆಯಷ್ಟು. ಬಹಳ ಸಲ ದೋಷ ನೀರಿನಲ್ಲಿ, ಹೊಟ್ಟಿನಲ್ಲಿ, ಹುಳದಲ್ಲಿ, ಇಲ್ಲವೇ ಬೆರೆಸುವ ಕೈಯಲ್ಲಿ ಇತ್ತು. ಹಾಗಾಗಿ ಇಲ್ಲಿ ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಡಾಕ್ಟರ್ ಮತ್ತು ಲ್ಯಾಬ್ ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏನೇ ಅನುಮಾನ ಬಂದರೂ ಮೊದಲು ಪುಡಿ ನಿಲ್ಲಿಸಿ. ಪುಡಿ ನಿಂತಿತು ಅಂತ ಯಾವ ಮರಿಯೂ ಸಾಯುವುದಿಲ್ಲ. ಆದರೆ ಪ್ಯಾಕೆಟ್ ಎಸೆಯಬೇಡಿ. ಅದರ ಹಿಂದುಗಡೆಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ "ಏನೇನು ಹಾಕ್ತಿದ್ದೀರಿ" ಅಂತ.

ಕೈಯಲ್ಲಿ ಮೂರು ಸಾಮಾನು ಇರಲಿ. ಮರಿಯನ್ನು ಚೀಲದಲ್ಲಿ ಕೂರಿಸಿ ತೂಗುವ ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಮರಿಯ ಮೈಬಿಸಿ ಗುದದಲ್ಲಿ ನೋಡಿದಾಗ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಮಧ್ಯಾಹ್ನದ ಬಿಸಿಲಲ್ಲಿ ನೋಡಬೇಡಿ, ಬೆಳಿಗ್ಗೆ ತಂಪು ಹೊತ್ತಲ್ಲಿ ನೋಡಿ.

## ತಿನ್ನುತ್ತದೆ, ಆದರೆ ತೂಕ ಏರುತ್ತಿಲ್ಲ

ಎಲ್ಲರೂ ಹೇಳುವ ದೂರು ಇದೇ. ಇಲ್ಲೇ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲು, ನಿಜಕ್ಕೂ ಏರುತ್ತಿಲ್ಲವಾ ಅಂತ ಖಚಿತ ಮಾಡಿಕೊಳ್ಳಿ. ಕಣ್ಣಂದಾಜು ನಂಬಬೇಡಿ. ನಾಟಿ ಮರಿ ಕೊಟ್ಟಿಗೆಯಲ್ಲಿ ಒಳ್ಳೆ ಮೇವು ತಿಂದು ದಿನಕ್ಕೆ ನೂರು ಗ್ರಾಂ ಆಸುಪಾಸು ಏರಿದರೆ ಅದು ಒಳ್ಳೆಯ ಬೆಳವಣಿಗೆಯೇ. ಅಂದರೆ ತಿಂಗಳಿಗೆ ಮೂರು ಕೆಜಿ. "ತಿಂಗಳಿಗೆ ಆರು ಕೆಜಿ ಗ್ಯಾರಂಟಿ" ಅಂತ ಯಾರೋ ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡು ಮೂರು ಕೆಜಿ ಏರಿದ ಮರಿಯನ್ನು ಬೈದರೆ, ದೋಷ ಇರುವುದು ಲೆಕ್ಕದಲ್ಲಿ.

ತೂಗುವ ಹೊತ್ತೂ ಒಂದೇ ಇರಬೇಕು. ಬೆಳಿಗ್ಗೆ, ಮೇವು ನೀರು ಕೊಡುವ ಮುಂಚೆ. ಹೊಟ್ಟೆ ತುಂಬಿದ ಮರಿಗೂ ಖಾಲಿ ಹೊಟ್ಟೆಯ ಮರಿಗೂ ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಅಂಗಡಿಯವರ ಪವಾಡದ ಕಥೆಗಳು ಹುಟ್ಟುವುದೂ ಇಲ್ಲೇ. ಸಂತೆಯಿಂದ ಬಂದ ಮರಿ ಒಂದೆರಡು ದಿನ ಹಸಿದು, ಗಾಡಿಯಲ್ಲಿ ನಿಂತು, ಒಳಗೆಲ್ಲ ಖಾಲಿಯಾಗಿ ಬಂದಿರುತ್ತದೆ. ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ತಿಂದು ನೀರು ಕುಡಿದರೆ ವಾರದಲ್ಲಿ ಕೆಜಿ ಎರಡು ಕೆಜಿ ತಾನಾಗೇ ಏರುತ್ತದೆ. ಅದೇ ವಾರ ಪುಡಿ ಶುರು ಮಾಡಿದ್ದರೆ ಹೆಸರು ಪುಡಿಗೆ ಹೋಗುತ್ತದೆ, ಮುಂದಿನ ತಿಂಗಳು ಏರದಿದ್ದಾಗ "ಈ ಸಲದ ಪ್ಯಾಕೆಟ್ ಡೂಪ್ಲಿಕೇಟ್" ಅನ್ನಿಸುತ್ತದೆ. ಮೊದಲ ಹತ್ತು ದಿನದ ತೂಕವನ್ನು ಲೆಕ್ಕದಿಂದ ಬಿಟ್ಟುಬಿಡಿ.

ತೂಕ ನಿಜಕ್ಕೂ ನಿಂತಿದೆಯಾ? ಹಾಗಾದರೆ ನೀರಿನ ತೊಟ್ಟಿ ನೋಡಿ. 20 ಕೆಜಿ ಮರಿ ದಿನಕ್ಕೆ ಎರಡು ಲೀಟರಾದರೂ ಕುಡಿಯಬೇಕು, ಬೇಸಿಗೆಯಲ್ಲಿ ಮೂರು ದಾಟುತ್ತದೆ. ಪಾಚಿ ಕಟ್ಟಿದ, ಬಿಸಿಲಿಗೆ ಕಾದ ನೀರನ್ನು ಮರಿ ಮೂಸಿ ಬಿಡುತ್ತದೆ. ನೀರು ಕಡಿಮೆಯಾದರೆ ಮೇವು ಕಡಿಮೆ, ಅಷ್ಟೇ. ನೀವು ಆ ತೊಟ್ಟಿಯ ನೀರನ್ನು ಒಂದು ಗುಟುಕು ಕುಡಿಯುತ್ತೀರಾ ಅಂತ ಕೇಳಿಕೊಳ್ಳಿ, ಸಾಕು.

ಆಮೇಲೆ ಬಾನಿ. ದಾಣಿ (ಕಾಳು, ಹಿಂಡಿ, ತೌಡಿನ ಮಿಶ್ರಣ) ಹಾಕಿದಾಗ ಎಲ್ಲ ಮರಿಗೂ ಒಟ್ಟಿಗೆ ಬಾಯಿ ಹಾಕಲು ಜಾಗ ಇದೆಯಾ? ಮರಿಗೆ ಒಂದು ಅಡಿ ಲೆಕ್ಕ ಹಿಡಿಯಿರಿ. ಜಾಗ ಸಾಲದಿದ್ದರೆ ನಾಲ್ಕು ಜೋರಿನ ಮರಿಗಳು ಹತ್ತು ಮರಿಯ ದಾಣಿ ತಿನ್ನುತ್ತವೆ, ಹತ್ತು ಮರಿಯ ಪುಡಿಯನ್ನೂ ತಿನ್ನುತ್ತವೆ. ದೊಡ್ಡವಕ್ಕೆ ಭೇದಿ, ಸಣ್ಣವು ಬಡಕಲು. ಒಂದೇ ಕೊಟ್ಟಿಗೆಯಲ್ಲಿ ಈ ಎರಡೂ ಕಂಡರೆ ಕಾರಣ ಬಾನಿಯೇ. ಜೋರಿನವನ್ನು ಬೇರೆ ಕಟ್ಟಿ, ಒಂದು ವಾರ ನೋಡಿ.

ಮೂರನೆಯದು ಮೇವು. ನಮ್ಮ ಕಡೆ "ಶೇಂಗಾ ಹೊಟ್ಟು" ಅಂತ ಮಾರುವುದರಲ್ಲಿ ಎರಡು ಬಗೆ. ಎಲೆ ಉಳಿದ ಬಳ್ಳಿ ಒಂದು, ಬರೀ ಕಾಯಿ ಸಿಪ್ಪೆ ಇನ್ನೊಂದು. ಬಳ್ಳಿ ಚಿನ್ನ. ಸಿಪ್ಪೆ ಅಂದರೆ ಮರದ ಪುಡಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಕೈಯಲ್ಲಿ ಹಿಡಿದು ಹಿಸುಕಿ ನೋಡಿ, ಎಲೆಯ ಚೂರು ಕಾಣಬೇಕು. ಇನ್ನು ಒಣ ಜೋಳದ ಕಡ್ಡಿ, ರಾಗಿ ಹುಲ್ಲು ಇವುಗಳಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ.

ಎಂಜೈಮ್ ಪುಡಿ ಯಾಕೆ ಸೋಲುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕುರಿಯ ದೊಡ್ಡ ಹೊಟ್ಟೆಯಲ್ಲಿ ನಾರು ಒಡೆಯುವ ಕೆಲಸವನ್ನು ಕೋಟ್ಯಂತರ ಸೂಕ್ಷ್ಮಜೀವಿಗಳು ಆಗಲೇ ಮಾಡುತ್ತಿರುತ್ತವೆ. ಸೆಲ್ಯುಲೇಸ್ ಅವೇ ತಯಾರಿಸಿಕೊಳ್ಳುತ್ತವೆ. ಆ ಜೀವಿಗಳಿಗೇ ಪ್ರೋಟೀನ್ ಸಿಗದಿದ್ದರೆ ಅವು ಸಾಯುತ್ತವೆ, ಆಗ ಹೊರಗಿನಿಂದ ಚಿಟಿಕೆ ಎಂಜೈಮ್ ಹಾಕಿ ಏನು ಬಂತು? ಒಲೆಗೆ ಸೌದೆಯೇ ಇಲ್ಲದಾಗ ಊದುಗೊಳವೆ ತಂದ ಹಾಗೆ. ದಾಣಿಯಲ್ಲಿ 16ರಿಂದ 18 ಭಾಗ ಪ್ರೋಟೀನ್ ಬರುವ ಹಾಗೆ ಹಿಂಡಿ ಸೇರಿಸಿ, ಜೊತೆಗೆ ಒಂದಿಷ್ಟು ಹಸಿ ಮೇವೋ ನುಗ್ಗೆ ಸೊಪ್ಪೋ ಕೊಡಿ. 20 ಕೆಜಿ ಮರಿ ಎಲ್ಲ ಸೇರಿ ದಿನಕ್ಕೆ 700ರಿಂದ 900 ಗ್ರಾಂ ಒಣ ತೂಕದ ಮೇವು ತಿನ್ನಬೇಕು. ಅಷ್ಟು ಒಳಗೆ ಹೋಗುತ್ತಿದೆಯಾ ಅಂತ ಎರಡು ದಿನ ಹಾಕಿದ್ದನ್ನೂ ಉಳಿದದ್ದನ್ನೂ ತೂಗಿ ನೋಡಿ. ಈ ಕೆಲಸ ಯಾರೂ ಮಾಡುವುದಿಲ್ಲ. ನಾನೂ ಮೂರು ವರ್ಷ ಮಾಡಿರಲಿಲ್ಲ.

ನಾಲ್ಕನೆಯದು ಹುಳ. ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ಒಳಗಿನ ಬಣ್ಣ ನೋಡಿ. ದಾಸವಾಳದ ಹಾಗೆ ಕೆಂಪಗಿದ್ದರೆ ಒಳ್ಳೆಯದು. ತಿಳಿ ಗುಲಾಬಿ ಆಗಿದ್ದರೆ ಅನುಮಾನ. ಸುಣ್ಣದ ಗೋಡೆ ಹಾಗಿದ್ದರೆ ಹೆಮಾಂಕಸ್ ಅನ್ನುವ ರಕ್ತ ಹೀರುವ ಹುಳ ಸಾವಿರಗಟ್ಟಲೆ ಇರಬಹುದು. ಒಂದು ಹೆಣ್ಣು ಹುಳ ದಿನಕ್ಕೆ ಐದು ಸಾವಿರದಷ್ಟು ಮೊಟ್ಟೆ ಇಡುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊದಿಕೊಂಡಿದ್ದರಂತೂ ತಡ ಮಾಡಬೇಡಿ. ಈ ಹುಳ ಇರುವಾಗ ಭೇದಿ ಇರಲೇಬೇಕು ಅಂತ ಏನಿಲ್ಲ, ಹಿಕ್ಕೆ ಗುಂಡಗೇ ಬೀಳುತ್ತಿರಬಹುದು. ಅದಕ್ಕೇ ಬಹಳ ಜನ ಮೋಸ ಹೋಗುತ್ತಾರೆ.

"ಗಿಡಮೂಲಿಕೆ ಪುಡಿಯಲ್ಲಿ ಬೇವು ಇದೆ, ಹುಳದ ಔಷಧಿ ಬೇಡ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಬಿಳಿಚಿದ ಮರಿಗೆ ಬೇವಿನ ಪುಡಿ ನಂಬಿಕೊಂಡು ಕೂರಬೇಡಿ. ನಾಲ್ಕೈದು ಮರಿಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಕೊಡಿ. ಯಾವ ಹುಳ, ಎಷ್ಟು ಮೊಟ್ಟೆ ಅಂತ ನೋಡಿ ಔಷಧಿ ಬರೆಯುತ್ತಾರೆ. ಪ್ರತಿ ಸಲ ಅದೇ ಆಲ್ಬೆಂಡಜೋಲ್ ಅಂದಾಜಿಗೆ ಕುಡಿಸಿದರೆ ಹುಳ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಇವೆಲ್ಲ ಸರಿ ಇದ್ದ ಮೇಲೆ ಪುಡಿಯ ಕಡೆ ತಿರುಗಿ. ಮೊದಲು ಚೀಟಿ ಓದಿ. ಮೆಲುಕು ಹಾಕುವ ಪ್ರಾಣಿಗೆ ಅಂತ ಬರೆದಿದೆಯಾ, ಕೋಳಿಗೆ ಅಂತಲಾ? ಕೋಳಿಯ ಎಂಜೈಮಿನಲ್ಲಿ ಫೈಟೇಸ್ ಇರುತ್ತದೆ. ಕಾಳಿನ ರಂಜಕವನ್ನು ಬಿಡಿಸಲು ಕೋಳಿಗೆ ಅದು ಬೇಕು. ಕುರಿಯ ಹೊಟ್ಟೆಯ ಜೀವಿಗಳು ಆ ಕೆಲಸ ಪುಕ್ಕಟೆ ಮಾಡುತ್ತವೆ. ತಯಾರಾದ ದಿನ, ಮುಗಿಯುವ ದಿನ ನೋಡಿ. ಯೀಸ್ಟ್ ಜೀವಂತ ಅಂತ ಹೇಳಿದ್ದರೆ ಗ್ರಾಮಿಗೆ ಎಷ್ಟು ಸಿಎಫ್‌ಯು (ಬದುಕಿರುವ ಜೀವಕಣಗಳ ಎಣಿಕೆ) ಅಂತ ಬರೆದಿರಬೇಕು. ಬರೆದಿಲ್ಲ ಅಂದರೆ ಅದು ಸತ್ತ ಯೀಸ್ಟೋ ಬದುಕಿದ್ದೋ ಗೊತ್ತಾಗುವುದಿಲ್ಲ.

ಆಮೇಲೆ ಎಲ್ಲಿ ಇಟ್ಟಿದ್ದೀರಿ ನೋಡಿ. ತಗಡಿನ ಶೀಟಿನ ಕೆಳಗೆ ಏಪ್ರಿಲ್ ತಿಂಗಳು, ಬಾಯಿ ಬಿಚ್ಚಿದ ಪ್ಯಾಕೆಟ್... ಎಂಜೈಮ್ ಅಂದರೆ ಪ್ರೋಟೀನ್, ಬಿಸಿಗೂ ತೇವಕ್ಕೂ ಕೆಡುತ್ತದೆ. ಗಂಟು ಕಟ್ಟಿದ್ದರೆ, ಮೂಲಿಕೆಯ ಘಾಟು ಹೋಗಿ ಮಣ್ಣಿನ ವಾಸನೆ ಬರುತ್ತಿದ್ದರೆ ಬಿಸಾಡಿ. ನಮ್ಮ ಮನೆಯಲ್ಲೇ ನಡೆದದ್ದು: ಬೇಯಿಸಿದ ನುಚ್ಚು ಒಲೆಯಿಂದ ಇಳಿಸಿದ ಕೂಡಲೇ ಎಂಜೈಮ್ ಪುಡಿ ಹಾಕಿ ಕಲಸುತ್ತಿದ್ದೆವು, ಎರಡು ತಿಂಗಳು. ಕೈ ಸುಡುವಷ್ಟು ಬಿಸಿಯಲ್ಲಿ ಎಂಜೈಮೂ ಬೆಂದಿತು, ದುಡ್ಡೂ ಬೆಂದಿತು.

ಬೆರೆಸುವುದು ಕೊನೆಗೆ. 24 ಮರಿಗೆ ಐದೈದು ಗ್ರಾಂ ಅಂದರೆ 120 ಗ್ರಾಂ ಪುಡಿ, ದಾಣಿ ಆರು ಕೆಜಿ. ಒಮ್ಮೆಗೇ ಸುರಿದು ಸಲಿಕೆಯಲ್ಲಿ ತಿರುವಿದರೆ ನುಣ್ಣನೆಯ ಪುಡಿ ಕೆಳಗೆ ಇಳಿದುಬಿಡುತ್ತದೆ. ಮೊದಲು ಅರ್ಧ ಕೆಜಿ ತೌಡಿಗೆ ಬೆರೆಸಿ, ಅದನ್ನು ಒಂದು ಕೆಜಿಗೆ, ಅದನ್ನು ಎರಡು ಕೆಜಿಗೆ, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ. ಮೇಲೆ ಸ್ವಲ್ಪ ತಣ್ಣನೆ ಬೆಲ್ಲದ ನೀರು ಚಿಮುಕಿಸಿದರೆ ಅಂಟಿಕೊಳ್ಳುತ್ತದೆ. ಬಾನಿಯ ಎರಡು ತುದಿ ಮತ್ತು ನಡುವಿನಿಂದ ಒಂದೊಂದು ಚಿಟಿಕೆ ತೆಗೆದು ಬಿಳಿ ಕಾಗದದ ಮೇಲೆ ಹರಡಿ ನೋಡಿ, ಬಣ್ಣ ಒಂದೇ ಇರಬೇಕು. ಒದ್ದೆ ಮಾಡಿದ ದಾಣಿಯನ್ನು ನಮ್ಮ ಬಿಸಿಲಲ್ಲಿ ಸಂಜೆವರೆಗೆ ಇಟ್ಟರೆ ಹುಳಿ ಬರುತ್ತದೆ, ಆಗಲೇ ತಿನ್ನಿಸಿ.

## ದಾಣಿ ಮೂಸಿ ಬಿಟ್ಟು ಹೋಗುತ್ತದೆ

ಇಲ್ಲಿ ಪುಡಿಯ ತಪ್ಪೇ ಇರಬಹುದು. ಪರೀಕ್ಷೆ ಸುಲಭ. ಪುಡಿ ಇಲ್ಲದ ದಾಣಿಯನ್ನು ಪಕ್ಕದಲ್ಲಿ ಇಡಿ. ಅದನ್ನು ಗಬಗಬ ತಿಂದರೆ ಕಾರಣ ಪುಡಿಯ ಘಾಟು ಅಥವಾ ಕಹಿ. ಓಮ, ಬೆಳ್ಳುಳ್ಳಿ, ಬೇವು ಇವೆಲ್ಲ ಪ್ರಮಾಣ ದಾಟಿದರೆ ಮರಿ ಹತ್ತಿರ ಬರುವುದಿಲ್ಲ. ಬರೀ ರುಚಿಯ ಮಾತೂ ಅಲ್ಲ. ಓಮದ ಥೈಮಾಲ್, ಬೆಳ್ಳುಳ್ಳಿಯ ಘಾಟಿನ ಎಣ್ಣೆ ಇವು ಸೂಕ್ಷ್ಮಜೀವಿಗಳನ್ನು ಕೊಲ್ಲುವಂಥವು. ಕೆಟ್ಟ ಜೀವಿಯನ್ನು ಮಾತ್ರ ಹುಡುಕಿ ಕೊಲ್ಲುವ ಬುದ್ಧಿ ಅವಕ್ಕಿಲ್ಲ. ಜಾಸ್ತಿಯಾದರೆ ನಾರು ಕರಗಿಸುವ ಒಳ್ಳೆ ಜೀವಿಗಳೂ ಹೋಗುತ್ತವೆ. "ಮನೆ ಔಷಧಿ ತಾನೇ, ಒಂದು ಮುಷ್ಟಿ ಜಾಸ್ತಿ ಆದರೆ ಏನು" ಅನ್ನುವುದು ಸರಿಯಲ್ಲ. ನಿಲ್ಲಿಸಿ, ಮೂರು ದಿನ ಬಿಟ್ಟು, ಹೇಳಿದ ಪ್ರಮಾಣದ ಕಾಲು ಭಾಗದಿಂದ ಶುರು ಮಾಡಿ ಒಂದು ವಾರದಲ್ಲಿ ಏರಿಸಿ.

ಪುಡಿ ಇಲ್ಲದ ದಾಣಿಯನ್ನೂ ಬಿಟ್ಟರೆ ಹಿಂಡಿ ಮೂಸಿ ನೋಡಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮಳೆಗೆ ನೆನೆದ ಮೆಕ್ಕೆಜೋಳ ಇವುಗಳಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗುತ್ತದೆ, ವಿಷ ಹೋಗುವುದಿಲ್ಲ. ಬೇರೆ ಪ್ರಾಣಿಗೂ ಕೊಡಬೇಡಿ.

ಹಿಂಡಿಯೂ ಚೆನ್ನಾಗಿದ್ದರೆ ಬಾಯಿ ತೆರೆದು ನೋಡಿ. ತುಟಿ, ವಸಡು, ನಾಲಿಗೆಯ ಮೇಲೆ ಹುಣ್ಣು ಇದ್ದರೆ, ಜೊತೆಗೆ ಜ್ವರ, ಮೂಗು ಕಣ್ಣಿನಲ್ಲಿ ಸೋರಿಕೆ ಇದ್ದರೆ ಅದು ಪಿಪಿಆರ್ (ಕುರಿ ಮೇಕೆಗಳ ಪ್ಲೇಗು), ನೀಲಿ ನಾಲಿಗೆ, ಕಾಲುಬಾಯಿ ಜ್ವರ ಇವುಗಳಲ್ಲಿ ಒಂದಿರಬಹುದು. ಆ ಮರಿಯನ್ನು ಬೇರೆ ಕಟ್ಟಿ ಡಾಕ್ಟರನ್ನು ಕರೆಯಿರಿ. ಬಾಯಿಗೆ ಕೈ ಹಾಕುವಾಗ ಗ್ಲೌಸ್ ಹಾಕಿಕೊಳ್ಳಿ. ತುಟಿಯ ಮೇಲೆ ಹಕ್ಕಳೆ ಕಟ್ಟುವ ಒಂದು ಬಗೆಯ ಹುಣ್ಣು ಮನುಷ್ಯರ ಕೈಗೂ ಅಂಟುತ್ತದೆ.

## ಹಿಕ್ಕೆ ಸಡಿಲ, ಇಲ್ಲವೇ ನೀರು ಭೇದಿ

ಭೇದಿಯನ್ನು ನೋಡುವುದು ಮಾತ್ರ ಅಲ್ಲ, ಮೂಸಲೂ ಬೇಕು. ಏನು ಮಾಡುವುದು, ಕುರಿ ಸಾಕಿದ ಮೇಲೆ.

ಹಿಕ್ಕೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ ಬೀಳುತ್ತಿದೆ, ಮರಿ ಚುರುಕಾಗಿದೆ, ಜ್ವರ ಇಲ್ಲ ಅಂದರೆ ಮೇವು ಬದಲಾದ ಗುರುತು. ಹಸಿ ಮೇವು ಒಮ್ಮೆಲೇ ಜಾಸ್ತಿ ಆಗಿರಬಹುದು. ಪುಡಿ ನಿಲ್ಲಿಸಿ, ಎರಡು ದಿನ ಒಣ ಹೊಟ್ಟು ಕೊಡಿ. ಸರಿಯಾಗುತ್ತದೆ.

ಬೂದು ಬಣ್ಣದ ತೆಳು ಭೇದಿ, ಹುಳಿ ವಾಸನೆ, ಮರಿ ಹಲ್ಲು ಕಡಿಯುತ್ತದೆ, ಮೆಲುಕು ನಿಂತಿದೆ, ನಡೆದರೆ ತೂರಾಡುತ್ತದೆ. ಇದು ಹೊಟ್ಟೆಯಲ್ಲಿ ಆಮ್ಲ ಏರಿದ ಗುರುತು. ಕಾಳು, ನುಚ್ಚು, ಹಿಟ್ಟು ಒಮ್ಮೆಲೇ ಜಾಸ್ತಿ ತಿಂದಿದೆ. ಮದುವೆ ಮನೆಯ ಉಳಿದ ಅನ್ನ ತಂದು ಸುರಿದರೂ ಇದೇ ಗತಿ. ಹಸಿವು ಹೆಚ್ಚಿಸುವ ಪುಡಿಗೂ ಇದಕ್ಕೂ ನಂಟಿದೆ. ಪುಡಿ ಚೆನ್ನಾಗಿ ಕೆಲಸ ಮಾಡಿ ಮರಿ ಬಾನಿ ನೆಕ್ಕುತ್ತದೆ, ನಮಗೆ ಖುಷಿಯಾಗಿ ದಾಣಿ ಇನ್ನೂ ಎರಡು ಹಿಡಿ ಜಾಸ್ತಿ ಹಾಕುತ್ತೇವೆ, ಮೂರನೇ ದಿನ ಮರಿ ಮಲಗುತ್ತದೆ. ದಾಣಿಯನ್ನು ವಾರಕ್ಕೆ 50 ಗ್ರಾಂ ಲೆಕ್ಕದಲ್ಲಿ ಏರಿಸಿ, ಅದಕ್ಕಿಂತ ಅವಸರ ಬೇಡ. ದಾಣಿಗೆ ನೂರಕ್ಕೆ ಒಂದು ಭಾಗ ಅಡುಗೆ ಸೋಡಾ ಸೇರಿಸುವುದು ಒಳ್ಳೆ ಅಭ್ಯಾಸ. ಈಗಾಗಲೇ ಈ ಗುರುತು ಕಂಡಿದ್ದರೆ ಕಾಳು ಪೂರ್ತಿ ನಿಲ್ಲಿಸಿ, 20 ಕೆಜಿ ಮರಿಗೆ 10ರಿಂದ 15 ಗ್ರಾಂ ಸೋಡಾ ನೀರಲ್ಲಿ ಕರಗಿಸಿ ನಿಧಾನವಾಗಿ ಕುಡಿಸಿ. ಮರಿ ಎದ್ದು ನಿಲ್ಲುತ್ತಿಲ್ಲ ಅಂದರೆ ಕುಡಿಸಬೇಡಿ, ಡಾಕ್ಟರನ್ನು ಕರೆಯಿರಿ.

ಕುಡಿಸುವ ಬಗ್ಗೆ ಒಂದು ಮಾತು. ಮರಿಯ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದು ಬಾಟಲಿ ತುರುಕುವುದನ್ನು ನೋಡಿದರೆ ನನ್ನ ಎದೆ ಝಲ್ ಅನ್ನುತ್ತದೆ. ಕಷಾಯ ಶ್ವಾಸಕೋಶಕ್ಕೆ ಹೋಗುತ್ತದೆ, ನಾಲ್ಕು ದಿನದಲ್ಲಿ ಮರಿ ಕೆಮ್ಮಿ ಕೆಮ್ಮಿ ಸಾಯುತ್ತದೆ, ನಾವು ಭೇದಿಯಿಂದ ಸತ್ತಿತು ಅಂದುಕೊಳ್ಳುತ್ತೇವೆ. ಮರಿ ನಿಂತಿರಲಿ, ತಲೆ ಬೆನ್ನಿನ ಮಟ್ಟಕ್ಕಿಂತ ಬಹಳ ಮೇಲೆ ಹೋಗದಿರಲಿ, ಬಾಯಿಯ ಪಕ್ಕದಿಂದ ಗುಟುಕು ಗುಟುಕಾಗಿ ಕೊಡಿ. ಕೆಮ್ಮಿದ ಕೂಡಲೇ ತಲೆ ಬಿಡಿ.

ಭೇದಿಯಲ್ಲಿ ರಕ್ತ, ಲೋಳೆ, ಮರಿ ಬೆನ್ನು ಬಾಗಿಸಿ ತಿಣುಕುತ್ತದೆ ಅಂದರೆ ಕಾಕ್ಸಿಡಿಯಾ ಅನ್ನುವ ಕರುಳಿನ ಪರಜೀವಿ ಇರಬಹುದು. ಒದ್ದೆ ನೆಲ, ಇಕ್ಕಟ್ಟು, ಒಂದರಿಂದ ಆರು ತಿಂಗಳ ವಯಸ್ಸು ಅದಕ್ಕೆ ಬಹಳ ಇಷ್ಟ. ಹಿಕ್ಕೆ ಪರೀಕ್ಷೆಯಲ್ಲಿ ಸಿಗುತ್ತದೆ. ಅರಿಶಿನ ಬೆಳ್ಳುಳ್ಳಿ ಕೊಟ್ಟು ಕಾಯುತ್ತಾ ಕೂರುವ ಕಾಯಿಲೆ ಇದಲ್ಲ, ಇದಕ್ಕೆ ಬೇರೆಯೇ ಔಷಧಿ ಇದೆ, ಅದೇ ದಿನ ಬೇಕು.

## ಎಡಗಡೆ ಹೊಟ್ಟೆ ಡೋಲಿನ ಹಾಗೆ ಉಬ್ಬಿದೆ

ಹಸಿ ಕುದುರೆ ಮೆಂತೆ, ಅಲಸಂದೆ ಬಳ್ಳಿ ಬೆಳಗಿನ ಇಬ್ಬನಿಯಲ್ಲೇ ತಿಂದರೆ ಹೀಗಾಗುತ್ತದೆ. ಒಳಗೆ ಸೋಪಿನ ನೊರೆಯ ಹಾಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ತೇಗು ಬರುವುದಿಲ್ಲ. ಮುಂಗಾಲು ಎತ್ತರದಲ್ಲಿ ಇರುವ ಹಾಗೆ ನಿಲ್ಲಿಸಿ, 30ರಿಂದ 50 ಎಂಎಲ್ ಅಡುಗೆ ಎಣ್ಣೆ ನಿಧಾನ ಕುಡಿಸಿ, ಎಡಗಡೆ ಉಜ್ಜಿ. ಇಂಗು, ಶುಂಠಿ ಸೇರಿಸಿದರೆ ಸೇರಿಸಿ, ನೊರೆ ಒಡೆಯುವುದು ಮಾತ್ರ ಎಣ್ಣೆಯೇ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ನೆಲಕ್ಕೆ ಬಿದ್ದರೆ ಎಣ್ಣೆ ಕುಡಿಸುವುದು ಬೇಡ. ಕೂಡಲೇ ಡಾಕ್ಟರ್ ಬೇಕು. ಹೊಟ್ಟೆಗೆ ಸೂಜಿ ಚುಚ್ಚುವ ಕೆಲಸ ಊರ ತಜ್ಞರಿಗೆ ಬಿಡಬೇಡಿ.

## ಟಗರುಮರಿ ಮೂತ್ರಕ್ಕೆ ತಿಣುಕುತ್ತದೆ

ಕಟ್ಟಿ ಮೇಯಿಸುವವರಿಗೆ ನಾನು ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದದ್ದು ಇದು. ಮರಿ ಮತ್ತೆ ಮತ್ತೆ ಹಿಂಗಾಲು ಚಾಚಿ ನಿಲ್ಲುತ್ತದೆ, ಬಾಲ ಆಡಿಸುತ್ತದೆ, ನರಳುತ್ತದೆ, ಹನಿ ಹನಿ ಬರುತ್ತದೆ ಅಥವಾ ಏನೂ ಬರುವುದಿಲ್ಲ. ಹೊಟ್ಟೆಯ ಕೆಳಗಿನ ಕೂದಲಲ್ಲಿ ಸಣ್ಣ ಮರಳಿನಂಥ ಹರಳು ಅಂಟಿರಬಹುದು. ಜನ ಇದನ್ನು ಮಲಬದ್ಧತೆ ಅಂತ ತಿಳಿದು ಎಣ್ಣೆ ಕುಡಿಸುತ್ತಾರೆ. ಅಲ್ಲ, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ.

ಕಾರಣ ಬಾನಿಯಲ್ಲಿದೆ. ಅಕ್ಕಿ ತೌಡು, ಗೋಧಿ ಬೂಸಾ, ಕಾಳು ಇವುಗಳಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಸುಣ್ಣದ ಅಂಶ ರಂಜಕದ ಎರಡು ಪಟ್ಟು ಇರಬೇಕು. ತೌಡು ಅಗ್ಗ ಅಂತ ಅದನ್ನೇ ಸುರಿದರೆ ಲೆಕ್ಕ ತಲೆಕೆಳಗಾಗುತ್ತದೆ. ಬೀಜ ಒಡೆದ ಮರಿಯ ನಾಳ ಇನ್ನೂ ಕಿರಿದು, ಅಪಾಯ ಇನ್ನೂ ಜಾಸ್ತಿ. ನಾನು ಒಂದು ವರ್ಷ ಎರಡು ಒಳ್ಳೆ ಮರಿ ಕಳೆದುಕೊಂಡದ್ದು ಹೀಗೇ. ಒಬ್ಬರು ಕೊಟ್ಟ "ಮೂತ್ರ ಸಲೀಸು ಮಾಡುವ" ನೆಗ್ಗಿಲು ಕಷಾಯವನ್ನು ದಿನಕ್ಕೆ ಮೂರು ಸಲ ಕುಡಿಸಿದ್ದೆ. ನಾಳ ಪೂರ್ತಿ ಮುಚ್ಚಿದಾಗ ಮೂತ್ರ ಹೆಚ್ಚಿಸುವ ಯಾವುದನ್ನೇ ಕೊಟ್ಟರೂ, ನೀರನ್ನೇ ಬಲವಂತವಾಗಿ ಕುಡಿಸಿದರೂ, ಮೂತ್ರಕೋಶ ಒಡೆಯುತ್ತದೆ. ಒಡೆದ ಮೇಲೆ ಮರಿ ತಿಣುಕುವುದು ನಿಲ್ಲಿಸುತ್ತದೆ. ನಾವು ವಾಸಿಯಾಯಿತು ಅಂತ ನಿದ್ದೆ ಮಾಡಿದೆವು. ಮೂರನೇ ದಿನ ಹೊಟ್ಟೆ ಕೆಳಗೆ ಜೋತು ಬಿದ್ದಿತ್ತು.

ಇಲ್ಲಿ ಮನೆಯಲ್ಲಿ ಮಾಡುವ ಪರೀಕ್ಷೆ ಒಂದೇ. ಒಣ ನೆಲದ ಮೇಲೆ ಬೇರೆ ಕಟ್ಟಿ, ಎರಡು ಮೂರು ಗಂಟೆ ನೋಡಿ. ನೆಲ ಒದ್ದೆಯಾಗದಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಒಯ್ಯಿರಿ. ಬಹಳ ಸಲ ಕಲ್ಲು ಮೂತ್ರನಾಳದ ತುದಿಯ ಸಣ್ಣ ಎಳೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಡಾಕ್ಟರ್ ಆ ಎಳೆಯನ್ನು ಕತ್ತರಿಸಿದರೆ ಕೆಲವೊಮ್ಮೆ ಅಲ್ಲೇ ಬಿಡುಗಡೆ. ಉಳಿದ ಮರಿಗಳಿಗೆ ತೌಡು ಕಡಿಮೆ ಮಾಡಿ, ದಾಣಿಗೆ ಉಪ್ಪು ಸೇರಿಸಿ, ನೀರು ಸದಾ ಇರಲಿ. ಅಮೋನಿಯಂ ಕ್ಲೋರೈಡ್ ಸೇರಿಸುವುದನ್ನು ಡಾಕ್ಟರ್ ಹೇಳಿದ ಅಳತೆಯಲ್ಲಿ ಮಾತ್ರ ಮಾಡಿ.

## ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ

ಮನೆ ಪರೀಕ್ಷೆ ಇಲ್ಲೂ ಮುಗಿಯಿತು, ಫೋನ್ ಮಾಡಿ. ಮಾಡುತ್ತಾ ಈ ನಾಲ್ಕನ್ನು ನೆನಪು ಮಾಡಿಕೊಳ್ಳಿ, ಡಾಕ್ಟರಿಗೆ ಬೇಕಾಗುತ್ತದೆ.

ಹಸುವಿನ ಅಥವಾ ಕೋಳಿಯ ಖನಿಜ ಮಿಶ್ರಣ, ಕೋಳಿ ಫೀಡ್ ಹಾಕುತ್ತಿದ್ದಿರಾ? ಅದರಲ್ಲಿ ತಾಮ್ರ ಇರುತ್ತದೆ. ಹಸು ತಡೆಯುವಷ್ಟು ತಾಮ್ರವನ್ನು ಕುರಿ ತಡೆಯುವುದಿಲ್ಲ. ಒಟ್ಟು ಒಣ ಆಹಾರದಲ್ಲಿ ಕೆಜಿಗೆ ಹತ್ತು ಮಿಲಿಗ್ರಾಂ ಆಸುಪಾಸು ಸಾಕು, 25 ದಾಟಿದರೆ ಅಪಾಯ. ಮೋಸ ಏನೆಂದರೆ ಅದು ವಾರಗಟ್ಟಲೆ ಯಕೃತ್ತಿನಲ್ಲಿ ಸುಮ್ನೆ ಕೂಡುತ್ತಾ ಹೋಗುತ್ತದೆ. ಮರಿ ಚೆನ್ನಾಗೇ ಇರುತ್ತದೆ. ಗಾಡಿ ಪ್ರಯಾಣವೋ ಲಸಿಕೆಯೋ ಏನೋ ಒಂದು ಒತ್ತಡ ಬಂದ ದಿನ ಒಮ್ಮೆಲೇ ರಕ್ತಕ್ಕೆ ಇಳಿದು ರಕ್ತಕಣ ಒಡೆಯುತ್ತದೆ. ಮೂಲಿಕೆ ಪುಡಿಯ ಚೀಟಿಯಲ್ಲೂ "ಖನಿಜಗಳೊಂದಿಗೆ" ಅಂತ ಇದ್ದರೆ ತಾಮ್ರ ಎಷ್ಟು ಅಂತ ನೋಡಿ. ಎರಡು ಮೂರು ಪುಡಿ ಒಟ್ಟಿಗೆ ಹಾಕುವವರು ಎಲ್ಲದರಲ್ಲೂ ಇರುವುದನ್ನು ಕೂಡಿಸಿ ನೋಡಿ.

ಎರಡನೆಯದು ಈರುಳ್ಳಿ. ಬೆಲೆ ಬಿದ್ದ ವರ್ಷ ನಮ್ಮ ಜಿಲ್ಲೆಯಲ್ಲಿ ಈರುಳ್ಳಿ ರಾಶಿಯೇ ಕುರಿಗೆ. ಅಲ್ಪಸ್ವಲ್ಪ ಕುರಿ ತಡೆಯುತ್ತದೆ, ದಿನಗಟ್ಟಲೆ ಅದೇ ಮೇವಾದರೆ ರಕ್ತ ಒಡೆಯುತ್ತದೆ. ಮೂರನೆಯದು ಲಂಟಾನ ಸೊಪ್ಪು, ಇದರಲ್ಲಿ ಕಾಮಾಲೆಯ ಜೊತೆ ಬಿಸಿಲಿಗೆ ಕಿವಿ ಮುಖದ ಚರ್ಮ ಸುಡುತ್ತದೆ. ನಾಲ್ಕನೆಯದು ಉಣುಗು ಕಚ್ಚಿ ಬರುವ ಜ್ವರ. ಮೈಬಿಸಿ 105 ದಾಟಿದ್ದರೆ, ಕಿವಿಯ ಹಿಂದೆ ಉಣುಗು ಇದ್ದರೆ ಅದನ್ನು ಹೇಳಿ.

## ನಿನ್ನೆ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿದೆ

ಅದೂ ಕೊಟ್ಟಿಗೆಯ ಅತ್ಯುತ್ತಮ ಮರಿ. ಕರುಳು ಬೇನೆ, ಅಂದರೆ ಇಟಿ, ಆರಿಸಿಕೊಳ್ಳುವುದು ಅಂಥದನ್ನೇ. ಕರುಳಲ್ಲಿ ಮೊದಲೇ ಇರುವ ಒಂದು ಬ್ಯಾಕ್ಟೀರಿಯಾ, ಕಾಳಿನ ಪಿಷ್ಟ ಒಮ್ಮೆಲೇ ಜಾಸ್ತಿ ಇಳಿದಾಗ ಹುಚ್ಚೆದ್ದು ಬೆಳೆದು ವಿಷ ಬಿಡುತ್ತದೆ. ಕೆಲವು ಮರಿ ತಲೆ ಹಿಂದಕ್ಕೆ ಎಳೆದು ಕಾಲು ಝಾಡಿಸಿ ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಔಷಧಿ ಕೊಡಲು ಹೊತ್ತೇ ಸಿಗುವುದಿಲ್ಲ. ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ಇದರ ಲಸಿಕೆ ತಯಾರಾಗುತ್ತದೆ, ಪಶು ಆಸ್ಪತ್ರೆಯಲ್ಲಿ ಕೇಳಿ. ಮೊದಲ ಡೋಸ್ ಆಗಿ ಎರಡು ವಾರಕ್ಕೆ ಇನ್ನೊಂದು, ಆಮೇಲೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ. ಸಂತೆಯ ಮರಿಗೆ ಲಸಿಕೆ ಆಗಿದೆ ಅನ್ನುವ ಮಾತು ನಂಬಬೇಡಿ. ಎರಡನೇ ಡೋಸ್ ಆಗಿ ಎರಡು ವಾರ ಕಳೆಯುವ ತನಕ ಹಸಿವಿನ ಪುಡಿ ಬೇಡ, ದಾಣಿ ಏರಿಸುವುದೂ ಬೇಡ.

ಸತ್ತ ಮರಿಯ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಮುಟ್ಟಬೇಡಿ, ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಮಾಡಬೇಡಿ. ಅದು ಅಂಥ್ರಾಕ್ಸ್ ಇರಬಹುದು, ನೆರಡಿ ರೋಗ ಅನ್ನುತ್ತಾರಲ್ಲ, ಅದು. ಮನುಷ್ಯರಿಗೂ ಬರುತ್ತದೆ. ನಾಯಿ ಹತ್ತಿರ ಬಾರದ ಹಾಗೆ ನೋಡಿಕೊಂಡು ಆಸ್ಪತ್ರೆಗೆ ತಿಳಿಸಿ. ಉಳಿದ ಸಾವುಗಳಲ್ಲಿ ಡಾಕ್ಟರ್ ಕೈಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ, ಸತ್ತ ಮರಿ ಉಳಿದ ಇಪ್ಪತ್ತನ್ನು ಉಳಿಸಬಹುದು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಗಾಡಿ ಸಿಗುತ್ತದೆ.

## ಕೂದಲು ಉದುರುತ್ತಿದೆ

ಸುಬಾಬುಲ್ ಸೊಪ್ಪು ಎಷ್ಟು ಹಾಕುತ್ತೀರಿ? ಮೇವಿನ ಮೂರನೇ ಒಂದು ಭಾಗ ದಾಟಿದ್ದರೆ ಅದೇ ಕಾರಣ ಇರಬಹುದು, ಅದರಲ್ಲಿ ಮಿಮೋಸಿನ್ ಅನ್ನುವ ವಿಷ ಇದೆ. ಕಡಿಮೆ ಮಾಡಿ. ಕೆರೆತ, ಹಕ್ಕಳೆ ಇದ್ದರೆ ಅದು ಕಜ್ಜಿ, ಅದಕ್ಕೆ ಪುಡಿ ಅಲ್ಲ, ಮೈ ತೊಳೆಯುವ ಔಷಧಿ ಬೇಕು.

## ಎಲ್ಲ ಸರಿ ಇದೆ, ಪುಡಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಹೇಗೆ

ಅರ್ಧ ಮರಿಗೆ ಹಾಕಿ, ಅರ್ಧಕ್ಕೆ ಹಾಕಬೇಡಿ. ಬೇರೆ ದಾರಿ ಇಲ್ಲ. ಹೆಚ್ಚುಕಮ್ಮಿ ಒಂದೇ ತೂಕದ ಎರಡೆರಡು ಮರಿ ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಕಟ್ಟಿ. ಚೆನ್ನಾಗಿರುವುದನ್ನೇ ಪುಡಿಯ ಕಡೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಅದಕ್ಕೇ ನಾಣ್ಯ. ಮೇವು, ನೀರು, ಜಾಗ ಎಲ್ಲ ಒಂದೇ. ಮೊದಲ ಎರಡು ವಾರ ಬಿಟ್ಟು, ಆಮೇಲೆ 45 ದಿನ ನೋಡಿ. ಶುರುವಿನಲ್ಲೂ ಕೊನೆಯಲ್ಲೂ ಎರಡು ಬೆಳಿಗ್ಗೆ ತೂಗಿ ಸರಾಸರಿ ತೆಗೆಯಿರಿ.

ಈಗ ಒಂದು ಲೆಕ್ಕ. ಪುಡಿ ಕೆಜಿಗೆ 250 ರೂಪಾಯಿ, ಮರಿಗೆ ದಿನಕ್ಕೆ ಐದು ಗ್ರಾಂ ಅಂತ ಇಟ್ಟುಕೊಳ್ಳಿ. ದಿನಕ್ಕೆ ಒಂದೂಕಾಲು ರೂಪಾಯಿ, 60 ದಿನಕ್ಕೆ 75. ಜೀವಂತ ತೂಕ ಕೆಜಿಗೆ 400 ರೂಪಾಯಿ ಅಂದರೆ, ಹಾಕಿದ ದುಡ್ಡು ವಾಪಸ್ ಬರಲು ಎರಡು ತಿಂಗಳಲ್ಲಿ 190 ಗ್ರಾಂ ಜಾಸ್ತಿ ಏರಿದರೆ ಸಾಕು. ಕೇಳಲು ಸುಲಭ. ಆದರೆ 190 ಗ್ರಾಂ ಅನ್ನುವುದು ಮರಿ ಒಮ್ಮೆ ಕುಡಿಯುವ ನೀರಿಗಿಂತ ಕಡಿಮೆ. ಹನ್ನೆರಡು ಹನ್ನೆರಡು ಮರಿಯಲ್ಲಿ ನನ್ನ ಸ್ಪ್ರಿಂಗ್ ತಕ್ಕಡಿ ಅದನ್ನು ಹಿಡಿಯಲಾರದು. ಸರಾಸರಿಯಲ್ಲಿ ಕೆಜಿ ಒಂದೂವರೆ ಕೆಜಿ ವ್ಯತ್ಯಾಸ ಬಂದರೆ, ಎರಡನೇ ಸಲ ಮಾಡಿದಾಗಲೂ ಬಂದರೆ, ಪುಡಿ ಏನೋ ಮಾಡುತ್ತಿದೆ ಅನ್ನಬಹುದು.

ನಾನು ಮಾಡಿದಾಗ ಪುಡಿ ತಿನ್ನದ ಗುಂಪೇ ಒಂದು ಕೂದಲೆಳೆ ಮುಂದಿತ್ತು. ಅಂಗಡಿಯವರಿಗೆ ಹೇಳಿದೆ, ಅವರು ಪ್ರಮಾಣ ಜಾಸ್ತಿ ಮಾಡಿ ಅಂದರು. ಆ ಸಲ ನನ್ನ ಮೇವೇ ಚೆನ್ನಾಗಿತ್ತು, ಎಲೆ ತುಂಬಿದ ಶೇಂಗಾ ಬಳ್ಳಿ, ಪುಡಿಗೆ ಮಾಡಲು ಕೆಲಸವೇ ಇರಲಿಲ್ಲವೇನೋ. ಈ ಬೇಸಿಗೆಯಲ್ಲಿ ಬರೀ ಜೋಳದ ಕಡ್ಡಿ ಮತ್ತು ಹಿಂಡಿಯ ಮೇಲೆ ಇರುವ ಗುಂಪಿಗೆ ಎಂಜೈಮ್ ಹಾಕಿ ಇನ್ನೊಮ್ಮೆ ತೂಗುತ್ತೇನೆ, ಪ್ಯಾಕೆಟ್ಟಿನ ಮುಗಿಯುವ ದಿನಕ್ಕೆ ಇನ್ನೂ ಐದು ತಿಂಗಳಿದೆ.